ಬೆನ್ನಿಗೆ ಗೊತ್ತಿದ್ದದ್ದು

ಫಟಫಟಿಯ ಹಿಂಬದಿಗೆ ಕುಳಿತ ಮುದುಕ ಕೋಟಿನ ಎರಡೂ ಬದಿಯನ್ನು ಮುಷ್ಟಿಕಟ್ಟಿ ಹಿಡಿದುಕೊಂಡದ್ದು ಈಶಪ್ಪನಿಗೆ ಸರಿ ಬರಲಿಲ್ಲ. ಹಿಡಿಯಬೇಡ ಎನ್ನುವಂತಿಲ್ಲ, ಹಿಡಿಯದಿದ್ದರೆ ಬೀಳುತ್ತಾನೆ. ಹಿಡಿದರೆ ಕೋಟು ಹಿಂದಕ್ಕೆ ಜಗ್ಗಿ ಕೊರಳ ಗುಂಡಿ ಗಂಟಲಿಗೆ ಒತ್ತುತ್ತದೆ. ನಸುಕಿನಿಂದ ಹಿಡಿದ ಹಸ್ತದ ಮಳೆ ಕಿನ್ನಾಳ ಬಿಡುವಾಗ ಸ್ವಲ್ಪ ಸಣ್ಣಗಾಗಿದ್ದದ್ದು ಈಗ ಮತ್ತೆ ಮುಖಕ್ಕೆ ರಾಚುತ್ತಿತ್ತು. ಕಣ್ಣಿಗೆ ಕಟ್ಟಿಕೊಂಡ ಗಾಜಿನ ಮೇಲೆ ನೀರಿಳಿದು ದಾರಿ ಕಾಣದಾದ್ದರಿಂದ ಅದನ್ನು ಹಣೆಯ ಮೇಲಕ್ಕೆ ಸರಿಸಿದ್ದ. ಸರಿಸಿದ ಮೇಲೆ ಹನಿಗಳು ನೇರವಾಗಿ ಕಣ್ಣಿಗೇ ಬಡಿದು, ಅಳುತ್ತಿರುವವನ ಹಾಗೆ ಆಗಾಗ ಮೂಗು ಏರಿಸಬೇಕಾಗುತ್ತಿತ್ತು. ಹೊರಡುವ ಮುಂಚೆ ಮುದುಕನಿಗೆ ಎಲ್ಲ ಹೇಳಿಕೊಟ್ಟಿದ್ದ. ‘ನೋಡು ಲಕ್ಷ್ಮಣಪ್ಪ, ನಾ ಎತ್ತ ವಾಲ್ತೀನಿ ನೀನೂ ಅತ್ತ ವಾಲಬೇಕು. ಗಾಡಿ ಎಡಕ್ಕ ಬಗ್ಗಿದ್ರ ನೀನೂ ಎಡಕ್ಕ. ತಿಳೀತೇನು?’ ಮುದುಕ, ‘ತಿಳೀತ್ರಿ ಸಾವ್ಕಾರ್ರ,’ ಎಂದಿದ್ದ. ಊರ ಹೊರಗಿನ ಮೊದಲ ತಿರುವಿನಲ್ಲೇ ಅದೆಲ್ಲ ನೀರಲ್ಲಿ ಹೋಯಿತು. ಫಟಫಟಿ ಎಡಕ್ಕೆ ಬಗ್ಗಿತು, ಮುದುಕ ಬಲಕ್ಕೆ ಬಗ್ಗಿದ. ಜನ್ಮವಿಡೀ ಚಕ್ಕಡಿಯಲ್ಲಿ ಕುಳಿತ ಮೈ ಅದು. ಚಕ್ಕಡಿ ಒಂದು ಕಡೆ ವಾಲಿದರೆ ಕುಳಿತವರೆಲ್ಲ ಇನ್ನೊಂದು ಕಡೆಗೆ ಸರಿದು ಅದನ್ನು ಉಳಿಸುತ್ತಾರೆ. ಅರವತ್ತು ದಾಟಿದ ಮೈಗೆ ಬೆಳಿಗ್ಗೆ ಹೇಳಿಕೊಟ್ಟ ಮಾತು ಹೇಗೆ ಇಳಿಯಬೇಕು?

ಆದರೆ ಇದನ್ನೆಲ್ಲ ಈಶಪ್ಪ ಆಗ ಯೋಚಿಸಲಿಲ್ಲ. ಗಾಡಿ ಓಲಾಡಿ ಕಾಲೂರಬೇಕಾಗಿ ಬಂದಾಗ ಹಿಂತಿರುಗಿ, ‘ಏ ಮುದುಕಾ, ಇದು ಚಕ್ಕಡಿ ಅಲ್ಲ. ನಿನಗ ವಾಲಾಕ ಬರದಿದ್ರ ಗೋಣಿಚೀಲದಂಗ ಸುಮ್ಮನ ಕುಂಡ್ರು,’ ಎಂದು ಒದರಿದ. ಆ ಮಾತು ಬಾಯಿಂದ ಹೊರಟ ಮೇಲೆ ಈಶಪ್ಪನಿಗೆ ತನ್ನ ಅಪ್ಪ ನೆನಪಾದ. ಬದುಕಿದ್ದರೆ ಇದೇ ವಯಸ್ಸು. ಕೊಪ್ಪಳದ ಅಡತಿ ಅಂಗಡಿಯ ಕಟ್ಟೆಯ ಮೇಲೆ ಹಮಾಲರನ್ನೂ ಅಣ್ಣಾ ಎಂದೇ ಕರೆಯುತ್ತಿದ್ದವನು ಅವನು. ಅಪ್ಪ ಹೋದ ಮೇಲೆ ಅಂಗಡಿ ಕಾಕನ ಕೈಗೆ ಬಂದು, ಹತ್ತಿ ಬೆಳೆಯ ಅಂದಾಜು ನೋಡಿಕೊಂಡು ಬರಲು ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿ ತಿರುಗುವ ಕೆಲಸ ಈಶಪ್ಪನ ಪಾಲಿಗೆ ಬಂದಿತ್ತು. ತಿರುಗಾಟಕ್ಕೆಂದೇ ಸಿಕಂದರಾಬಾದಿನ ದಂಡಿನ ಛಾವಣಿಯಲ್ಲಿ ತಮ್ಮ ದೇಶಕ್ಕೆ ಹೊರಟು ನಿಂತಿದ್ದ ಯಾರೋ ಬಿಳಿ ದೊರೆಯಿಂದ ಈ ಫಟಫಟಿಯನ್ನು ತರಿಸಿದ್ದ. ತಿರುಗಾಟಕ್ಕೆಂದೇ ಎಂದು ಕಾಕನಿಗೆ ಹೇಳಿದ್ದು. ಸಿಡಿಗುಂಡಿನ ಸದ್ದು ಮಾಡುತ್ತ ಹೆಂಡತಿಯ ತವರೂರಿನ ಅಗಸಿ ಬಾಗಿಲು ಹೊಗುವುದು ಹೇಗಿರುತ್ತದೆ ಎಂದು ಮನಸ್ಸಿನಲ್ಲಿ ನೂರು ಸಲ ನೋಡಿಕೊಂಡದ್ದನ್ನು ಯಾರಿಗೂ ಹೇಳಿರಲಿಲ್ಲ.

ಆ ಅಗಸಿಯಲ್ಲಿಯೇ ಅವನ ಮಾನ ಹೋದದ್ದು. ಮದುವೆಯ ಮೆರವಣಿಗೆಯಲ್ಲಿ ಹಲಗೆಯವರು ಒಮ್ಮೆಲೆ ಬಾರಿಸಿದ್ದಕ್ಕೆ ಕುದುರೆ ಬೆದರಿ ಮುಂಗಾಲೆತ್ತಿತು; ಬಾಸಿಂಗ ಕಟ್ಟಿಕೊಂಡ ಈಶಪ್ಪ ಎರಡೂ ಕೈಯಿಂದ ಅದರ ಕುತ್ತಿಗೆ ತಬ್ಬಿಕೊಂಡು ಕಣ್ಣುಮುಚ್ಚಿಬಿಟ್ಟ. ಕುಷ್ಟಗಿ ತಹಸೀಲು ಕಚೇರಿಯಲ್ಲಿ ಪೇಶ್ಕಾರನಾಗಿದ್ದ, ಹೆಣ್ಣಿನ ಮನೆಯ ಹಿರಿಯ ಅಳಿಯ, ‘ಅರೇ, ದಾಮಾದ್ ಸಾಹೇಬ್ರು ಹೆಣ್ಣ ಬಿಟ್ಟು ಕುದುರಿಗೆ ಮುತ್ತು ಕೊಡಾಕತ್ಯಾರಲ್ಲೋ!’ ಎಂದ. ಊರಿಗೆ ಊರೇ ನಕ್ಕಿತು. ಮಾವ ಹಂಪಣ್ಣಗೌಡರು ನಗಲಿಲ್ಲ, ಬೇರೆ ಕಡೆ ನೋಡಿದರು. ನಕ್ಕಿದ್ದರೆ ಚೆನ್ನಾಗಿತ್ತು. ಮೂರು ವರ್ಷದಿಂದ ಆ ಮನೆಯ ಪಂಕ್ತಿಯಲ್ಲಿ ಕುಳಿತಾಗೆಲ್ಲ, ತುಪ್ಪ ಮೊದಲು ಪೇಶ್ಕಾರನ ಎಲೆಗೆ ಬೀಳುವಾಗೆಲ್ಲ, ಬಾಗಿಲ ಮರೆಯಲ್ಲಿ ಹೆಂಡತಿ ಅನ್ನಮ್ಮ ಅದನ್ನು ನೋಡಿಯೂ ನೋಡದ ಹಾಗೆ ನಿಂತಿರುವಾಗೆಲ್ಲ, ಅವನಿಗೆ ಅಂಗೈಯಲ್ಲಿ ಕುದುರೆಯ ಬೆವರು ತಗಲಿದಂತಾಗುತ್ತಿತ್ತು. ನಿನ್ನೆ ಸಂಜೆ ಊಟದ ಹೊತ್ತಿಗೆ ಗೌಡರು ಚಿಂತೆಯಲ್ಲಿದ್ದರು. ಊರ ದ್ಯಾಮವ್ವನ ಕಟ್ಟಿಗೆಯ ಮೂರ್ತಿಗೆ ಕಿನ್ನಾಳದ ಚಿತ್ರಗಾರ ಲಕ್ಷ್ಮಣಪ್ಪ ಹನ್ನೆರಡು ದಿನ ಕುಳಿತು ಹೊಸ ಬಣ್ಣ ಹಚ್ಚಿ ಮುಗಿಸಿದ್ದ. ಕಣ್ಣು ಮಾತ್ರ ಉಳಿದಿತ್ತು. ಕಣ್ಣು ಬರೆಯುವುದು ಮಹಾನವಮಿಯ ಘಟ ಕೂಡಿಸುವ ದಿನ, ಎಂದರೆ ಇವತ್ತು, ಹೊತ್ತು ನೆತ್ತಿಗೆ ಬರುವುದರೊಳಗೆ. ಅಲ್ಲಿಯವರೆಗೆ ದೇವಿಯ ಮುಖಕ್ಕೆ ಹಳದಿ ಬಟ್ಟೆ. ನಡುವೆ ಮೊಮ್ಮಗಳಿಗೆ ಜ್ವರವೆಂದು ಊರಿಗೆ ಹೋದ ಲಕ್ಷ್ಮಣಪ್ಪ ಹಳ್ಳ ತುಂಬಿದ್ದರಿಂದ ಅಲ್ಲೇ ಸಿಕ್ಕಿಕೊಂಡಿದ್ದ. ಈಗ ಹಳ್ಳ ಇಳಿದಿದ್ದರೂ ಚಕ್ಕಡಿ ಹೋಗಿ ಬರಲು ಒಂದು ದಿನ ಬೇಕು. ‘ನಾ ಹೋಗಿ ಕರ್ಕೊಂಡು ಬರ್ತೀನಿ ಮಾವಾರ, ಎರಡ ತಾಸಿನ ಮಾತು,’ ಎಂದಿದ್ದ ಈಶಪ್ಪ. ಪೇಶ್ಕಾರ ಎಲೆಯಿಂದ ತಲೆ ಎತ್ತಿದ್ದ. ಗೌಡರು ಮೊಟ್ಟಮೊದಲ ಸಲ ಕಿರಿಯ ಅಳಿಯನ ಮುಖವನ್ನು ನೆಟ್ಟಗೆ ನೋಡಿದ್ದರು.

ಕಿನ್ನಾಳದ ಮನೆಯಲ್ಲಿ ಮುದುಕ ಆಗಲೇ ಸ್ನಾನ ಮಾಡಿ, ಒದ್ದೆ ಧೋತರ ಉಟ್ಟು, ಗೋಡೆಗೆ ಒರಗದೆ ಕುಳಿತಿದ್ದ. ಸುತ್ತ ಅರೆಬಣ್ಣದ ಗೊಂಬೆಗಳು, ಹುಣಸೆ ಬೀಜದ ಅಂಟಿನ ವಾಸನೆ. ಸೊಸೆ ಪಾರಮ್ಮ ಹೊಸ್ತಿಲಲ್ಲಿ ನಿಂತು, ‘ಕಣ್ಣ ಬರಿಯೂತನಕ ನೀರ ಸೈತ ಮುಟ್ಟಂಗಿಲ್ರಿ. ಮತ್ತ ಇವತ್ತ ಅವ್ರ ಬಾಯಾಗ ಸುಳ್ಳ ಬರಬಾರದ್ರಿ, ಚ್ಯಾಷ್ಟಿಗೂ ಬರಬಾರದು. ಬಂದ್ರ ಕುಂಚ ಹಿಡಿಯಂಗಿಲ್ಲ. ಅವ್ರ ಅಪ್ಪನ ಕಾಲದಿಂದ ನಡಕೊಂಡು ಬಂದದ್ದು. ದಾರ್ಯಾಗ ಮಾತಾಡಿಸಬ್ಯಾಡ್ರಿ ಯಪ್ಪಾ,’ ಎಂದಳು. ಈಶಪ್ಪ ಹೂಂ ಎಂದ. ಮುದುಕ ಅಳಿಲಿನ ಕೂದಲಿನ ಕುಂಚವನ್ನೂ ಕಾಡಿಗೆಯ ಭರಣಿಯನ್ನೂ ನೀರು ತಾಗದ ಮೇಣಗಪಟದಲ್ಲಿ ಸುತ್ತಿ ಹೊಟ್ಟೆಗೆ ಕಟ್ಟಿಕೊಂಡು, ಫಟಫಟಿಯ ಹಿಂದಿನ ಕಂಬಳಿ ಮಡಿಕೆಯ ಮೇಲೆ ಹತ್ತಿ ಕುಳಿತ. ಏರುವಾಗ ಬಿಸಿ ಕೊಳವೆಗೆ ಮೀನಖಂಡ ತಗಲಿ ಚುರ್ರೆಂದಿತು. ಆತ ಬಾಯಿ ಬಿಡಲಿಲ್ಲ. ಮೊದಲೇ ಎಚ್ಚರಿಸಬೇಕಾಗಿದ್ದದ್ದು ಈಶಪ್ಪನ ಕೆಲಸವಾಗಿತ್ತು.

ಇರಕಲ್ಲಗಡ ದಾಟಿದ ಮೇಲೆ ಎರೆಭೂಮಿ ಸುರುವಾಯಿತು. ಎರೆಮಣ್ಣು ನೆನೆದರೆ ದಾರಿ ದಾರಿಯಾಗಿ ಉಳಿಯುವುದಿಲ್ಲ. ಗಾಲಿಗೂ ಮೇಲಿನ ತಗಡಿಗೂ ನಡುವೆ ಕೆಸರು ತುಂಬಿ, ಗಾಡಿ ಮುಕ್ಕರಿದು ನಿಂತುಬಿಟ್ಟಿತು. ಈಶಪ್ಪ ಜಾಲಿಯ ಕೋಲು ಮುರಿದು ಕೆಸರು ಕೆದರತೊಡಗಿದ. ಮುದುಕ ಕೇಳದೆಯೇ ಇನ್ನೊಂದು ಬದಿಗೆ ಕುಕ್ಕರಗಾಲಲ್ಲಿ ಕುಳಿತು ಬೆರಳಿನಿಂದ ತೆಗೆದ. ಆತನ ಬೆರಳುಗಳು ಉದ್ದವಾಗಿದ್ದವು. ಕೆಸರನ್ನೂ ನೋಯಿಸದ ಹಾಗೆ ತೆಗೆಯುತ್ತಿದ್ದವು. ಸುಮ್ಮನಿರಲಾರದೆ ಈಶಪ್ಪ ಕೇಳಿದ: ‘ಹಂಗಾರ ಇವತ್ತ ಏನ ಕೇಳಿದ್ರೂ ಖರೇನ ಹೇಳ್ತೀಯೇನು?’

‘ಹೇಳಬೇಕಲ್ರಿ.’

‘ನನ್ನ ಫಟಫಟಿ ಹೆಂಗೈತಿ ಹೇಳು.’

‘ಅಂಜಿಕಿ ಬರ್ತೈತ್ರಿ.’

ಈಶಪ್ಪ ನಕ್ಕ. ‘ನಾ ನಡಸೂದು?’

ಮುದುಕ ಬೆರಳಿನ ಕೆಸರನ್ನು ಹುಲ್ಲಿಗೆ ಒರೆಸಿದ. ‘ಕೇಳಬ್ಯಾಡ್ರಿ ಸಾವ್ಕಾರ್ರ.’

‘ಹೇಳೋ ಮಾರಾಯಾ.’

‘ಜೋರ ನಡಸ್ತೀರ್ರಿ. ನೋಡೋರಿದ್ದಲ್ಲಿ ಇನ್ನೂ ಜೋರ ನಡಸ್ತೀರಿ. ಇರಕಲ್ಲಗಡದ ಸಂತಿ ಬಯಲದಾಗ ಮಂದಿ ಇತ್ತಲ್ಲ, ಅಲ್ಲೆ ನನ್ನ ಜೀವ ಬಾಯಿಗೆ ಬಂದಿತ್ತು.’

ಚೇಷ್ಟೆಗೆ ಕೇಳಿ ಚೇಷ್ಟೆಯಲ್ಲದ ಉತ್ತರ ಪಡೆದವನು ಏನು ಮಾಡಬೇಕು? ಈಶಪ್ಪ ನಗುವನ್ನು ಮುಖದ ಮೇಲೆ ಹಾಗೇ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದ, ಕೆದರುವುದನ್ನು ಮುಂದುವರಿಸಿದ, ಆಮೇಲೆ ಕೋಲು ಬಿಸಾಕಿದ. ಕಿವಿ ಬಿಸಿಯಾಗಿತ್ತು. ಒಬ್ಬ ಗೊಂಬೆ ಮಾಡುವವನು, ಜೀವನದಲ್ಲಿ ಒಂದು ಯಂತ್ರ ಮುಟ್ಟದವನು, ಎರಡು ಹರದಾರಿ ಬೆನ್ನ ಹಿಂದೆ ಕುಳಿತು ತನ್ನ ಹೊಟ್ಟೆಯೊಳಗಿನದನ್ನು ಓದಿಬಿಟ್ಟಿದ್ದ. ಏರಿ ಕುಳಿತ ಮೇಲೆ ಸಿಟ್ಟಿಗೇ ಒಂದಷ್ಟು ಜೋರಾಗಿ ಬಿಟ್ಟ. ಯಾರೂ ನೋಡುವವರಿರಲಿಲ್ಲ, ಎರಡೂ ಕಡೆ ನೆನೆದ ಹತ್ತಿಯ ಹೊಲ, ಗಿಡಕ್ಕೆ ಮೊಳಕಾಲುದ್ದ ನೀರು. ನೋಡು, ಯಾರಿಲ್ಲದಲ್ಲಿಯೂ ಜೋರು ನಡೆಸುತ್ತೇನೆ ಎಂದು ಮುದುಕನಿಗೆ ತೋರಿಸಬೇಕಾಗಿತ್ತು. ಆಮೇಲೆ ಹೊಳೆಯಿತು, ನೋಡುವವನು ಹಿಂದೆಯೇ ಕುಳಿತಿದ್ದಾನೆ. ಅವಮಾನಕ್ಕೂ ಒಂದು ನಗು ಬರುತ್ತದೆ. ಬಂತು. ನಿಧಾನ ಮಾಡಿದ. ಆಗ ಬೆನ್ನ ಹಿಂದೆ ಏನೋ ಬದಲಾದದ್ದು ಅವನಿಗೆ ತಿಳಿಯಿತು. ಮುಂದಿನ ತಿರುವಿನಲ್ಲಿ ಅವನು ಎಡಕ್ಕೆ ವಾಲಿದಾಗ ಮುದುಕನೂ ಎಡಕ್ಕೆ ವಾಲಿದ. ಅದರ ಮುಂದಿನದರಲ್ಲಿ ಬಲಕ್ಕೆ. ಒತ್ತಾಯವಿಲ್ಲದೆ, ತಡವಿಲ್ಲದೆ, ತನ್ನದೇ ಮೈ ಇನ್ನಷ್ಟು ಅಗಲವಾಗಿ ಹಿಂದಕ್ಕೆ ಬೆಳೆದ ಹಾಗೆ. ಕೋಟು ಜಗ್ಗುತ್ತಿರಲಿಲ್ಲ. ಒದ್ದೆ ಬೆನ್ನಿಗೆ ಇನ್ನೊಂದು ಎದೆಯ ಬಿಸಿ ತಗಲಿ, ಈಶಪ್ಪನಿಗೆ ಕಾರಣವಿಲ್ಲದೆ ಸುಖವೆನಿಸಿತು. ‘ಕಲತೆಲ್ಲೋ ಲಕ್ಷ್ಮಣಪ್ಪ!’ ಎಂದು ಕೂಗಿದ. ಮಳೆಯ ಸದ್ದಿನಲ್ಲಿ ಉತ್ತರ ಕೇಳಿಸಲಿಲ್ಲ. ಹಿಂದಿನವನು ನಗುತ್ತಿರುವುದು ಬೆನ್ನಿಗೆ ಗೊತ್ತಾಯಿತು.

ಊರು ಕಂಡಿತು. ಹಳ್ಳದ ದಂಡೆಯಿಂದ ಅಗಸಿಗೆ ಏರುವಲ್ಲಿ ಬಲಕ್ಕೊಂದು ತಿರುವು, ಅದರಾಚೆ ಅಗಸಿಯ ಕಟ್ಟೆ. ಕಟ್ಟೆಯ ಮೇಲೆ ಕಂಬಳಿಕೊಪ್ಪೆ ಹಾಕಿಕೊಂಡು ಮಂದಿ ನಿಂತಿದ್ದರು, ಹಲಗೆಯವರೂ ಇದ್ದರು. ಸದ್ದು ಕೇಳಿ ಅವರೆಲ್ಲ ತಲೆ ಎತ್ತಿದ್ದು ದೂರದಿಂದಲೇ ಕಂಡಿತು. ಬಿಳಿ ಶೇರವಾನಿ ಪೇಶ್ಕಾರನದೇ ಇರಬೇಕು. ಈಶಪ್ಪನ ಬಲಗೈ ತಾನಾಗಿಯೇ ಜೋರು ಕೊಟ್ಟಿತು; ಎಡಗೈ ತಾನಾಗಿಯೇ ಹಿಡಿಕೆ ಬಿಟ್ಟು, ಮಳೆಗೆ ಜಾರಿ ಹುಬ್ಬಿನ ಮೇಲೆ ಕುಳಿತಿದ್ದ ತಲೆಯ ರುಮಾಲನ್ನು ಸರಿಮಾಡಲು ಮೇಲಕ್ಕೆ ಹೋಯಿತು. ತಿರುವು ಅಲ್ಲೇ ಇತ್ತು. ಅವನು ಬಲಕ್ಕೆ ವಾಲಿದ, ಮುದುಕ ಬಲಕ್ಕೆ ವಾಲಿದ, ಎಷ್ಟು ಬೇಕೋ ಅಷ್ಟೇ, ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲದೆ. ಮುಂದಿನ ಗಾಲಿ ಎರೆಯ ಮೇಲೆ ಜಾರಿತು. ಒಂದು ಕೈ ಸಾಲಲಿಲ್ಲ. ಆಮೇಲೆ ಕೆಸರು, ಬಾಯಲ್ಲಿ ಕೆಸರು, ಕಾಲ ಮೇಲೆ ಭಾರ, ಬಿದ್ದಲ್ಲೇ ಗಾಲಿ ತಿರುಗುವ ಸದ್ದು. ದೂರದಲ್ಲಿ ಯಾರೋ ಒಬ್ಬರು ನಕ್ಕರು, ಅಥವಾ ಕೆಮ್ಮಿದರು.

ಎಬ್ಬಿಸಿ, ಹೆಗಲು ಕೊಟ್ಟು, ಮಾವನ ಮನೆಯ ಅಂಗಳಕ್ಕೆ ತಂದು ಕೂಡಿಸಿದರು. ಈಶಪ್ಪನ ಮೊಳಕೈ ಕೆತ್ತಿ ಹೋಗಿತ್ತು. ಮುದುಕನ ಹಣೆಗೆ ಸಣ್ಣ ಗಾಯ. ಆತ ಎಲ್ಲಕ್ಕಿಂತ ಮೊದಲು ಹೊಟ್ಟೆಯ ಗಂಟು ಬಿಚ್ಚಿ ಕುಂಚ ನೋಡಿಕೊಂಡು, ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ, ಮತ್ತೆ ಗಂಟು ಕಟ್ಟಿದ. ಅಂಗಳದ ತುಂಬ ಮಂದಿ. ಗೌಡರು ಪಡಸಾಲೆಯಿಂದ ಇಳಿದು ಬಂದು ‘ಏನಾತು?’ ಎಂದರು. ಬರೀ ಏನಾಯಿತೆಂದು ಕೇಳಿದ್ದು, ಯಾರು ಬೀಳಿಸಿದರೆಂದಲ್ಲ. ಅವರ ಹಿಂದೆ ನಿಂತಿದ್ದ ಪೇಶ್ಕಾರನ ತುಟಿ ಒಂದು ಮಾತಿಗೆ ಸಿದ್ಧವಾಗುತ್ತಿರುವುದು ಕಂಡಿತು, ಕುದುರೆಯ ಮಾತೇ ಅದು, ಸಂಶಯವಿರಲಿಲ್ಲ. ಅದು ಹೊರಬೀಳುವ ಮುಂಚೆ ಈಶಪ್ಪನ ಬಾಯಿ ತಾನೇ ತೆರೆಯಿತು: ‘ಹಿಂದ ಕುಂತಾಂವ ಉಲ್ಟಾ ವಾಲಿದ್ರ ಯಾರೇನ ಮಾಡ್ತಾರ್ರೀ? ಬಡಕೊಂಡು ಹೇಳಿದ್ದೆ, ನಾ ಎತ್ತ ವಾಲ್ತೀನಿ ಅತ್ತ ವಾಲು ಅಂತ.’

ಎಲ್ಲರೂ ಮುದುಕನ ಕಡೆ ತಿರುಗಿದರು. ‘ಹೌದೇನೋ ಲಕ್ಷ್ಮಣಪ್ಪ?’ ಎಂದರು ಗೌಡರು.

ಮುದುಕ ತಲೆ ಎತ್ತಿದ. ಈಶಪ್ಪನನ್ನು ನೋಡಲಿಲ್ಲ. ಅವನ ಕಣ್ಣು ಈಶಪ್ಪನ ಹೆಗಲ ಮೇಲಿಂದ ಹಾದು ಒಳಬಾಗಿಲಿಗೆ ಹೋಯಿತು. ಅಲ್ಲಿ ಅನ್ನಮ್ಮ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ನಿಂತಿದ್ದಳು.

‘ಹೌದ್ರಿ,’ ಎಂದ ಮುದುಕ. ‘ನಾನ ಉಲ್ಟಾ ವಾಲೀನಿ. ಚಕ್ಕಡಿ ರೂಢಿ ನೋಡ್ರಿ.’

ಮಂದಿ ನಕ್ಕರು, ಅಂಗಳ ಸಡಿಲಾಯಿತು. ಈಶಪ್ಪನಿಗೆ ಮೊದಲು ಬಂದದ್ದು ನಿರಾಳ. ಬಿಸಿನೀರಿನ ತಂಬಿಗೆ ಬಂತು, ಯಾರೋ ಮೊಳಕೈಗೆ ಅರಿಶಿನ ಒತ್ತಿದರು, ಉರಿ ಹಿತವಾಗಿತ್ತು. ಆ ಉರಿಯ ನಡುವೆ, ಕಿನ್ನಾಳದ ಹೊಸ್ತಿಲಲ್ಲಿ ಪಾರಮ್ಮ ಹೇಳಿದ ಮಾತು ಅವನಿಗೆ ಥಟ್ಟನೆ ಕೇಳಿಸಿತು. ತಂಬಿಗೆಯನ್ನು ಕೆಳಗಿಟ್ಟ. ಸುತ್ತ ನೋಡಿದರೆ ಮುದುಕ ಅಂಗಳದಲ್ಲಿರಲಿಲ್ಲ.

ದನದ ಕೊಟ್ಟಿಗೆಯಲ್ಲಿ ಸಿಕ್ಕ. ಧೋತರದ ಚುಂಗು ಹಿಂಡಿಕೊಳ್ಳುತ್ತ ನಿಂತಿದ್ದ. ಎಮ್ಮೆಯೊಂದು ಅವನ ಬೆನ್ನು ಮೂಸುತ್ತಿತ್ತು. ಈಶಪ್ಪ ಬಾಗಿಲ ಕಂಬ ಹಿಡಿದುಕೊಂಡು, ‘ಕೈಗೇನೂ ಆಗಿಲ್ಲಲ್ಲ?’ ಎಂದ.

‘ಇಲ್ರಿ. ಛಲೋ ಅದಾವು.’

‘ಹೊತ್ತಾತು. ಗುಡ್ಯಾಗ ಕಾಯಾಕತ್ಯಾರ.’

‘ನಾ ಬರಿಯಾಂಗಿಲ್ರಿ ಸಾವ್ಕಾರ್ರ.’ ಮುದುಕ ಸಿಟ್ಟಿಲ್ಲದೆ ಹೇಳಿದ. ‘ಸುಳ್ಳ ಬಂತಲ್ರಿ ಬಾಯಾಗ. ಮೂವತ್ತೇಳು ದ್ಯಾಮವ್ವಗಳಿಗೆ ಕಣ್ಣ ಕೊಟ್ಟೀನಿ, ಒಮ್ಮೆರ ಬಂದಿದ್ದಿಲ್ಲ. ಅನ್ನಮ್ಮವ್ವನ ಮಾರಿ ನೋಡಿದ ಕೂಡಲೆ ಬಂದುಬಿಡ್ತು. ಆಕಿ ತೊಟ್ಟಿಲದ ಗಿಣಿ ನಾನ ಮಾಡಿದ್ದು. ಗಂಡನ ಮಾನ ಮಂದ್ಯಾಗ ಹೋಗೂದ ಆಕಿ ಹೆಂಗ ನೋಡಬೇಕು, ಅಂತನಿಸ್ತು. ತಪ್ಪ ನನ್ನದ ಬಿಡ್ರಿ.’

ಬೈದಿದ್ದರೆ ಈಶಪ್ಪನಿಗೆ ಆಸರೆಯಾಗುತ್ತಿತ್ತು. ‘ಇದಕ್ಕ ಏನೂ ಮಾಡಾಕ ಬರೂದಿಲ್ಲೇನು?’ ಎಂದ. ಧ್ವನಿ ತನಗೇ ಅಪರಿಚಿತವಾಗಿ ಕೇಳಿಸಿತು.

ಇವತ್ತು ಕೇಳಿದ್ದಕ್ಕೆ ನಿಜವನ್ನೇ ಹೇಳಬೇಕೆಂಬ ಕಟ್ಟು ಮುರಿದಿದ್ದರೂ ಮುದುಕ ಅದನ್ನು ಇನ್ನೂ ಹಿಡಿದುಕೊಂಡಿದ್ದ. ‘ಬರ್ತೈತ್ರಿ. ಯಾರ ಮುಂದ ಸುಳ್ಳ ಹೇಳೀನಿ ಅವ್ರೆಲ್ಲಾರಿಗೂ ಅದು ಸುಳ್ಳಂತ ಗೊತ್ತಾದ್ರ, ತಾಯಿಗೆ ತಪ್ಪ ಒಪ್ಪಿಸಿ ಮತ್ತ ಮೈ ತೊಳಕೊಂಡು ಕುಂಡ್ರಬಹುದು. ಆದ್ರ ಅದನ್ನ ನಾ ಹೇಳಾಂಗಿಲ್ಲ. ಹೇಳಿದ್ರ ನಿಮ್ಮನ್ನ ಹಿಡಕೊಟ್ಟಂಗ ಆಗ್ತೈತಿ.’ ಅಷ್ಟು ಹೇಳಿ ಎಮ್ಮೆಯ ಮೂತಿಯನ್ನು ಮೆಲ್ಲಗೆ ಆಚೆ ಸರಿಸಿದ.

ಹೇಳುವುದು ಎಷ್ಟು ಸಣ್ಣ ಮಾತು! ನಾನೇ ಬೀಳಿಸಿದೆ. ಕೊಟ್ಟಿಗೆಯಿಂದ ಅಂಗಳಕ್ಕೆ ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆಯಲ್ಲಿ ಈಶಪ್ಪ ಅದನ್ನು ನಾಲ್ಕು ಬಗೆಯಲ್ಲಿ ಹೇಳಿ ನೋಡಿಕೊಂಡ. ಕೆಸರು ಜಾರಿತು, ನಾನೂ ಸ್ವಲ್ಪ ಜೋರಿದ್ದೆ, ಎಂದು ಹೇಳಿದರೆ ಅರ್ಧ ನಿಜ. ಅರ್ಧ ನಿಜಕ್ಕೆ ಪೂರ್ತಿ ಕಣ್ಣು ಬರುತ್ತದೆಯೇ ಎಂದು ಮುದುಕನನ್ನು ಕೇಳಬೇಕಿತ್ತು. ಅಂಗಳದಲ್ಲಿ ಗೌಡರನ್ನು ಒಬ್ಬರನ್ನೇ ಬದಿಗೆ ಕರೆದು ಹೇಳೋಣವೆಂದುಕೊಂಡ. ಆದರೆ ಮುದುಕ ಹೇಳಿದ್ದು ಎಲ್ಲರಿಗೂ ಎಂದು. ಅನ್ನಮ್ಮನಿಗೆ ಮೊದಲು ಹೇಳೋಣವೆಂದುಕೊಂಡ. ಅವಳು ಒಳಗೆ ಹೋಗಿದ್ದಳು, ಹೆಂಗಸರ ನಡುವೆ ಹೋಗಿ ಕರೆಯುವುದು ಹೇಗೆ? ಮಳೆ ನಿಂತ ಮೇಲೆ ಹೇಳೋಣ. ಪೇಶ್ಕಾರ ಎದ್ದು ಹೋದ ಮೇಲೆ ಹೇಳೋಣ. ಹೀಗೆ ಅಂಗಳದ ನಡುವೆ ನಿಂತು ಹೊತ್ತು ಕಳೆಯುತ್ತಿರುವಾಗ ಇಷ್ಟು ಮಾತ್ರ ಸ್ಪಷ್ಟವಾಗಿ ಗೊತ್ತಾಯಿತು: ತನಗೆ ದ್ಯಾಮವ್ವನ ಹೆದರಿಕೆಯಿಲ್ಲ, ಪಾಪದ ಹೆದರಿಕೆಯಿಲ್ಲ, ಆ ಒಂದು ನಗುವಿನದು ಮಾತ್ರ ಇದೆ. ಇಷ್ಟು ಸಣ್ಣ ಮನುಷ್ಯ ತಾನು ಎಂಬುದು ಅವನಿಗೆ ಹೊಸ ಸುದ್ದಿಯೇನಲ್ಲ. ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಗುಡಿಯ ಮುಂದೆ ಗದ್ದಲವಾದಾಗ ಅವನೂ ಹೋದ. ಒಳಗೆ ದೀಪದ ಬೆಳಕಿನಲ್ಲಿ ಕೆಂಪು ಮೈಯ ದೇವಿ, ಮುಖಕ್ಕೆ ಹಳದಿ ಬಟ್ಟೆ. ಪೂಜಾರಿ ಹೊಳಿಯಪ್ಪ ಘಟದ ಮಣ್ಣು ಹದಮಾಡಿ ಕುಳಿತಿದ್ದ. ಮುದುಕ ಹೊಸ್ತಿಲಾಚೆಗೇ ಕೈಮುಗಿದು ನಿಂತಿದ್ದ. ಗೌಡರ ಕೈಯಲ್ಲಿ ಜೇಬುಗಡಿಯಾರ. ‘ಆಗಾಂಗಿಲ್ಲ ಅಂದ್ರ ಏನೋ? ಕೈ ತೋರಸು,’ ಎಂದರು.

ಮುದುಕ ಎರಡೂ ಕೈ ಮುಂದೆ ಚಾಚಿದ. ಬೆರಳು ಒಂದಿಷ್ಟೂ ನಡುಗಲಿಲ್ಲ.

‘ಕೈಗೇನೂ ಆಗಿಲ್ಲ. ಮತ್ತೇನು ಧಾಡಿ ನಿನಗ?’

ಮುದುಕ ಚಾಚಿದ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು ಮತ್ತೆ ಮುಗಿದ.

‘ಕುಡದೀಯೇನು?’

‘ಇಲ್ರಿ ಯಪ್ಪಾ.’

‘ಹಾಂಗಾರ ಸೊಕ್ಕು. ಬೀಳಿಸಿದ್ದಲ್ಲದ ಈಗ ಸೊಕ್ಕ ಬ್ಯಾರೆ. ತಾಯಿ ಒಂಬತ್ತ ದಿನ ಮಾರಿ ಮುಚಕೊಂಡು ಕುಂಡ್ರಬೇಕೇನು ನಿನ್ನ ಸಲುವಾಗಿ? ಇನ್ನ ಮುಂದ ಈ ಸೀಮ್ಯಾಗ ಯಾವ ಊರವರು ನಿನ್ನ ಕರೀತಾರ ನಾ ನೋಡ್ತೀನಿ.’ ಗೌಡರ ಧ್ವನಿ ಏರಿದಂತೆ ಮುದುಕ ಕುಗ್ಗಲಿಲ್ಲ, ಬರೀ ಕೇಳಿಸಿಕೊಂಡ. ಅವನ ಹಣೆಯ ಗಾಯದಿಂದ ಒಂದು ಎಳೆ ನೆತ್ತರು ಹುಬ್ಬಿನ ಮೇಲೆ ಬಂದು ನಿಂತಿತ್ತು. ಒರೆಸಿಕೊಳ್ಳಲು ಕೈ ಎತ್ತಿದರೆ ಮರ್ಯಾದೆ ತಪ್ಪೀತೆಂದು ಬಿಟ್ಟಿದ್ದನೋ ಏನೋ.

ಆ ಎಳೆಯನ್ನು ನೋಡುತ್ತ ನಿಂತ ಈಶಪ್ಪನಿಗೆ ತಾನು ಮಾತಾಡುತ್ತಿರುವುದು ಕೇಳಿಸಿತು. ‘ಮಾವಾರ, ಆತನ್ನ ಬೈಬ್ಯಾಡ್ರಿ. ತಪ್ಪು ಆತಂದಲ್ಲ. ಗಾಡಿ ನಾನ ಕೆಡವೀನಿ. ಆತ ನಾ ವಾಲಿದ ಕಡೇನ ವಾಲಿದ್ದ.’

ಹೇಳಿಬಿಟ್ಟೆ, ಎಂದುಕೊಂಡ. ಕಾಲು ಹಗುರಾದವು. ನಗು ಬರಲಿ, ಬರಬೇಕಾದ್ದೇ, ಎಂದು ಕಾದ. ಮುದುಕನ ಕೈ ಆಗಲೇ ಹೊಟ್ಟೆಯ ಗಂಟಿನ ಕಡೆ ಹೋಗಿತ್ತು.

ಗೌಡರು ಅಳಿಯನನ್ನು ಬಹಳ ಹೊತ್ತು ನೋಡಿದರು. ಅವರ ಮುಖ ಮೆತ್ತಗಾಯಿತು. ಆಮೇಲೆ ಮುದುಕನ ಕಡೆ ತಿರುಗಿದರು. ‘ಕೇಳಿದೇನೋ? ಮೈಕೈ ಕೆತ್ತಿಸಿಕೊಂಡು ಬಂದ ಮನಷ್ಯಾ ನಿನ್ನ ತಪ್ಪ ತನ್ನ ಮ್ಯಾಲ ಹಾಕ್ಕೊಳ್ಳಾಕತ್ಯಾನ. ನೀನ ಬಾಯಿಬಿಟ್ಟು ಒಪಗೊಂಡೀ ಆಗಳೆ, ಎಲ್ಲಾರೂ ಕೇಳೇವಿ. ಆದ್ರೂ ನಿನ್ನ ಮಾನ ಉಳೀಲಿ ಅಂತಾನ ನಮ್ಮ ಅಳಿಯ. ನಾಚಿಕಿ ಬರೂದಿಲ್ಲೇನು ನಿನಗ?’

‘ದೊಡ್ಡ ಮನಸ್ಸು ಬಿಡ್ರಿ ಗೌಡ್ರ,’ ಎಂದ ಹೊಳಿಯಪ್ಪ ಒಳಗಿನಿಂದ. ಮಂದಿಯಲ್ಲಿ ಹೌದು ಹೌದು ಎಂಬ ಗೊಣಗು ಹರಿಯಿತು. ಈಶಪ್ಪನ ಹೆಗಲ ಮೇಲೆ ಒಂದು ಕೈ ಬಿತ್ತು, ಪೇಶ್ಕಾರನದು. ‘ದಿಲ್ದಾರ ಮನಷ್ಯಾ ಅದೀರಿ ನೀವು,’ ಎಂದ ಅವನು, ಚೇಷ್ಟೆಯಿಲ್ಲದೆ.

ಇಲ್ಲ ಎನ್ನಬೇಕಿತ್ತು. ಇಲ್ಲರೀ, ದೊಡ್ಡ ಮನಸ್ಸಲ್ಲ, ನಾನು ರುಮಾಲು ಸರಿಮಾಡಿಕೊಳ್ಳಲು ಕೈ ಬಿಟ್ಟೆ, ನೀವು ನೋಡುತ್ತಿದ್ದಿರೆಂದು ಬಿಟ್ಟೆ. ರುಮಾಲಿನ ಮಾತು ಹೇಳಿದ್ದರೆ ನಂಬುತ್ತಿದ್ದರು. ಅಂಥದನ್ನು ಯಾರೂ ಕಟ್ಟಿ ಹೇಳುವುದಿಲ್ಲ. ಮಾತು ನಾಲಿಗೆಯ ತುದಿಯಲ್ಲಿತ್ತು, ಹುಡುಕಬೇಕಾಗಿಯೂ ಇರಲಿಲ್ಲ. ಮುದುಕ ಗಂಟಿನ ಮೇಲೆ ಕೈಯಿಟ್ಟುಕೊಂಡು ಈಶಪ್ಪನನ್ನೇ ನೋಡಿದ, ಬೆಳಗಿನಿಂದ ಮೊದಲ ಸಲ ನೆಟ್ಟಗೆ. ನಮ್ಮ ಅಳಿಯ ಎಂಬ ಮಾತು ಗೌಡರ ಬಾಯಿಂದ ಮೂರು ವರ್ಷದಲ್ಲಿ ಇವತ್ತೇ ಬಂದದ್ದು, ಮೈಯೊಳಗೆಲ್ಲ ಬೆಚ್ಚಗೆ ಹರಡುತ್ತಿತ್ತು. ಅದು ಪೂರ್ತಿ ಹರಡಿ ಮುಗಿಯಲಿ, ಆಮೇಲೆ ಹೇಳಿದರಾಯಿತು ಎನಿಸಿತು. ಹೆಗಲ ಮೇಲಿನ ಕೈ ಇನ್ನೂ ಅಲ್ಲೇ ಇತ್ತು. ಗೌಡರು ಗಡಿಯಾರದ ಮುಚ್ಚಳ ಹಾಕಿದರು. ‘ಹೊತ್ತು ಮೀರಿತು. ಬಟ್ಟಿ ಹಾಂಗ ಇರಲಿ, ಘಟ ಕೂಡಸ್ರಿ,’ ಎಂದರು.

ಹಲಗೆ ಬಾರಿಸಿದರು. ಮುದುಕ ದೇವಿಗೆ ಹೊರಗಿನಿಂದಲೇ ಅಡ್ಡಬಿದ್ದು ಎದ್ದ. ಮಂದಿ ದಾರಿಬಿಟ್ಟರು, ತಗಲೀತೆಂಬ ಹಾಗೆ ತುಸು ಹೆಚ್ಚಾಗಿಯೇ ಬಿಟ್ಟರು. ಈಶಪ್ಪನ ಹತ್ತಿರ ಬಂದಾಗ ಒಂದು ಗಳಿಗೆ ನಿಂತ. ‘ಫಟಫಟಿ ಮ್ಯಾಲ ಬಿಟ್ಟು ಬರ್ತೀನಿ,’ ಎಂದ ಈಶಪ್ಪ ತುಟಿಯಲ್ಲಿ.

‘ಬ್ಯಾಡ್ರಿ. ನಡಕೋಂತ ಹೋಗ್ತೀನಿ,’ ಎಂದ ಮುದುಕ. ಸ್ವಲ್ಪ ತಡೆದು, ಇತರರಿಗೆ ಕೇಳಿಸದಂತೆ, ‘ಒಮ್ಮೆರ ಹೇಳಿದ್ರಲ್ರಿ,’ ಎಂದ. ಅದು ಸಮಾಧಾನವೋ ಲೆಕ್ಕವೋ ಈಶಪ್ಪನಿಗೆ ತಿಳಿಯಲಿಲ್ಲ. ಹಳ್ಳದ ಕಡೆ ಇಳಿದು ಹೋಗುವ ಬೆನ್ನು ಮಳೆಯಲ್ಲಿ ಕಾಣುವಷ್ಟು ಹೊತ್ತು ಕಂಡಿತು.

ಪಡಸಾಲೆಯಲ್ಲಿ ಅವನನ್ನು ಗೌಡರ ಬದಿಯ ಗಾದಿಯ ಮೇಲೆ ಕೂಡಿಸಿದರು. ಬಂದವರಿಗೆಲ್ಲ ಗೌಡರು ಕಥೆ ಹೇಳಿದರು. ಪ್ರತಿ ಸಲವೂ ಅಳಿಯನ ಮಾತು ಇನ್ನಷ್ಟು ಚೆಂದವಾಗುತ್ತ ಹೋಯಿತು. ಈಶಪ್ಪ ತಲೆ ತಗ್ಗಿಸಿಕೊಂಡು ಕುಳಿತ. ನೋಡಿದವರು, ಹೊಗಳಿಕೆ ಸಹಿಸದ ಮನುಷ್ಯ ಎಂದುಕೊಂಡರು. ಅನ್ನಮ್ಮ ದೊಡ್ಡ ಬಟ್ಟಲಲ್ಲಿ ಹಾಲು ತಂದಳು. ಹಿರಿಯರ ಮುಂದೆ ಗಂಡನ ಹತ್ತಿರ ಬರುವವಳಲ್ಲ ಅವಳು. ಇವತ್ತು ಎಲ್ಲರೂ ನೋಡುತ್ತಿರುವಂತೆಯೇ ಬಂದಳು. ಸೆರಗು ಹಲ್ಲಲ್ಲಿರಲಿಲ್ಲ. ಮದುವೆಯಾದಂದಿನಿಂದ ಅವನು ಕಂಡಿರದ ಮುಖವಿತ್ತು ಅವಳದು. ಬಟ್ಟಲು ಕೊಡುತ್ತ ಮೆಲ್ಲಗೆ, ‘ಒಳಗ ಹೆಂಗಸೂರೆಲ್ಲಾ ನಿಮ್ಮ ಮಾತ ಆಡಾಕತ್ಯಾರ್ರಿ. ಕುಡೀರಿ, ಆರತೈತಿ,’ ಎಂದಳು. ಹಾಲಿಗೆ ಸಕ್ಕರೆ ಹೆಚ್ಚಾಗಿತ್ತು. ಈಶಪ್ಪ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಅವಳು ನೋಡುತ್ತಿದ್ದಂತೆ, ಪೂರ್ತಿ ಕುಡಿದ.